ಹಗಲೂ ರಾತ್ರಿ ಲಾಯದಲ್ಲೇ ನಿಂತ ಕುದುರೆ

ಪ್ರಶ್ನೆ: ನಮಸ್ಕಾರ ಡಾಕ್ಟರೇ. ನಮ್ಮದು ಮೈಸೂರು ಹೊರವಲಯದಲ್ಲಿ ತೋಟದ ಮನೆ. ಎರಡು ವರ್ಷದ ಹಿಂದೆ ನಮ್ಮ ಮಾವನವರು ರೇಸ್ ಬಿಟ್ಟ ಕುದುರೆಯೊಂದನ್ನು ಆಸೆಪಟ್ಟು ತಂದರು. ಹಿಡ ಮಾಡಿಸಿದ ಗಂಡು, ವಯಸ್ಸು 9, ಹೆಸರು ಮಿಂಚು. ನೋಡಿಕೊಳ್ಳಲು ಒಬ್ಬ ಸೈಸ್ ಇದ್ದ, ದಿನಾ ಬೆಳಗ್ಗೆ ಓಡಾಡಿಸುತ್ತಿದ್ದ. ಆಮೇಲೆ ಮಾವನವರಿಗೆ ಮಂಡಿ ಆಪರೇಷನ್ ಆಯಿತು, ಊರಿಗೆ ಹೋದ ಸೈಸ್ ವಾಪಸ್ ಬರಲಿಲ್ಲ. 14 ತಿಂಗಳಿಂದ ಮಿಂಚು ಲಾಯದಲ್ಲೇ ಇದೆ. ಲಾಯ 8 ಅಡಿಗೆ 10 ಅಡಿ, ಸಿಮೆಂಟ್ ನೆಲ, ಮೇಲೆ ತಗಡು. ಬೆಳಗ್ಗೆ 7ಕ್ಕೆ, ಸಂಜೆ 6ಕ್ಕೆ ಬೇಯಿಸಿದ ಹುರುಳಿ, ಬೂಸಾ, ಒಂದೊಂದು ಕಟ್ಟು ನೇಪಿಯರ್ ಹುಲ್ಲು ಹಾಕುತ್ತೇವೆ. ದಿನಕ್ಕೆ ಹುರುಳಿ 3 ಕೆಜಿ, ಬೂಸಾ 2 ಕೆಜಿ, ಎರಡೂ ಕಟ್ಟು ಸೇರಿ ಹುಲ್ಲು 15 ಕೆಜಿ ಇರಬಹುದು. ಊಟಕ್ಕೆ ಕೊರತೆ ಮಾಡಿಲ್ಲ. ಆದರೂ ಬಾಗಿಲಿನ ಮರ ಕಚ್ಚಿಕೊಂಡು ‘ಗಕ್’ ಅಂತ ಗಾಳಿ ನುಂಗುತ್ತೆ. ಬೆಳಗ್ಗೆ ಹಿಂಗಾಲು ಎರಡೂ ಊದಿರುತ್ತವೆ. ಮುಂಗಾಲಿನ ಗೆಣ್ಣಿನ ಮುಂದೆ ಗಾಯ, ಒಣಗುತ್ತೆ, ಮತ್ತೆ ಆಗುತ್ತೆ. ಹೇಗೆ ಆಗುತ್ತೆ ಅಂತ ಯಾರೂ ಕಂಡಿಲ್ಲ. ಗೊರಸು ಕತ್ತರಿಸಿ ನಾಲ್ಕು ತಿಂಗಳಾಯಿತು. ತಿಂಗಳಿಗೊಮ್ಮೆ ಹೊರಗೆ ಹಿಡಿದರೆ ಹುಚ್ಚೆದ್ದ ಹಾಗೆ ಕುಣಿಯುತ್ತೆ, ಕಳೆದ ಸಲ ನಮ್ಮ ಯಜಮಾನರ ಅಂಗೈ ಹಗ್ಗಕ್ಕೆ ಸುಲಿದುಹೋಯಿತು. ಈಗ ಎರಡು ತಿಂಗಳಿಂದ ಕೆನೆಯುವುದನ್ನೂ ಬಿಟ್ಟು ಗೋಡೆ ಕಡೆ ಮುಖ ಮಾಡಿ ನಿಂತಿರುತ್ತೆ. ‘ಸಾಧುವಾಗಿದೆ ಬಿಡು, ರೇಸ್ ಕುದುರೆಗೆ ಲಾಯ ಹೊಸದಾ’ ಅಂತಾರೆ ಯಜಮಾನರು. ಪಕ್ಕದ ತೋಟದವರು ಕುತ್ತಿಗೆಗೆ ಬೆಲ್ಟ್ ಹಾಕಿ ಅಂದರು, ಊತಕ್ಕೆ ನೋವಿನ ಪುಡಿಯನ್ನೂ ತಂದುಕೊಟ್ಟಿದ್ದಾರೆ. ನಾವು ಹಿಂಸೆ ಕೊಡ್ತಿದ್ದೀವಾ ಡಾಕ್ಟರೇ? ಮಳೆ ಬಿದ್ದು ತೆಂಗಿನ ತೋಟದಲ್ಲಿ ಹುಲ್ಲು ಚೆನ್ನಾಗಿ ಎದ್ದಿದೆ, ಅಲ್ಲಿಗೇ ಬಿಟ್ಟುಬಿಡಲಾ? ಇಲ್ಲ, ಯಾರಿಗಾದರೂ ಕೊಟ್ಟುಬಿಡೋದೇ ಒಳ್ಳೇದಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆನಮ್ಮ. ಮೊದಲ ಸಲ ಕಾಲಿನ ಊತ, ಮರ ಕಚ್ಚುವುದು ಇವೇ ಕಣ್ಣಿಗೆ ಬಿದ್ದವು. ಎರಡನೇ ಸಲ ‘ಕೆನೆಯುವುದನ್ನೂ ಬಿಟ್ಟು ಗೋಡೆ ಕಡೆ ಮುಖ ಮಾಡಿ ನಿಂತಿರುತ್ತೆ’ ಅನ್ನುವ ಸಾಲಿನ ಹತ್ತಿರ ನಿಂತುಬಿಟ್ಟೆ. ನಿಮ್ಮ ಯಜಮಾನರು ಇದನ್ನು ಒಳ್ಳೆಯ ಸುದ್ದಿ ಅಂದುಕೊಂಡಿದ್ದಾರೆ. ನನಗೆ ಇಡೀ ಪತ್ರದಲ್ಲಿ ಹೆಚ್ಚು ಭಯ ಹುಟ್ಟಿಸಿದ್ದು ಅದೇ.

ಕೆಲವು ವರ್ಷಗಳ ಹಿಂದೆ ಮಂಡ್ಯ ಕಡೆಯ ಒಂದು ತೋಟಕ್ಕೆ ಇಂಥದ್ದೇ ಕುದುರೆ ನೋಡಲು ಹೋಗಿದ್ದೆ. ಔಷಧದ ಚೀಲ ಇಳಿಸುವಾಗ ಅದು ಕಬ್ಬಿಣದ ಬಕೆಟ್ಟಿಗೆ ತಗುಲಿ ಠಣ್ಣೆಂದಿತು. ಕೊಟ್ಟಿಗೆಯಲ್ಲಿದ್ದ ಹಸು ಕೂಡ ತಲೆ ಎತ್ತಿ ನೋಡಿತು. ಕುದುರೆಯ ಒಂದು ಕಿವಿಯೂ ತಿರುಗಲಿಲ್ಲ. ಕುತ್ತಿಗೆ ಬೆನ್ನಿನ ಮಟ್ಟಕ್ಕೆ ನೇರವಾಗಿ ಚಾಚಿತ್ತು, ಕಣ್ಣು ತೆರೆದೇ ಇತ್ತು, ಆದರೆ ಆ ಕಣ್ಣು ಏನನ್ನೂ ನೋಡುತ್ತಿರಲಿಲ್ಲ. ಕುದುರೆ ಅಂದರೆ ಬಯಲಿನಲ್ಲಿ ತೋಳದಂಥ ಬೇಟೆಪ್ರಾಣಿಗಳ ನಡುವೆ ಬದುಕಿ ಬಂದ ಪ್ರಾಣಿ. ಒಂದು ತರಗೆಲೆ ಅಲ್ಲಾಡಿದರೂ ಕಿವಿ ನಿಮಿರಿಸುವುದು ಅದರ ಸ್ವಭಾವ. ಸದ್ದಿಗೆ ಕಿವಿ ತಿರುಗಿಸದ, ಜನ ಬಂದರೆ ಮುಖ ತಿರುಗಿಸದ ಕುದುರೆ ಪಳಗಿರುವುದಿಲ್ಲ. ಕೇಳಿ ಕೇಳಿ ಸಾಕಾಗಿ, ಕೇಳುವುದನ್ನೇ ನಿಲ್ಲಿಸಿರುತ್ತದೆ. ಮನುಷ್ಯರಲ್ಲಿ ಖಿನ್ನತೆ ಎಂದು ಕರೆಯುವುದಕ್ಕೆ ಬಹಳ ಹತ್ತಿರದ ಸ್ಥಿತಿ ಇದು. ಹಲವು ತಿಂಗಳ ಒಳಗಿನ ನೋವು, ಅದರಲ್ಲೂ ಹೊಟ್ಟೆಯ ಹುಣ್ಣು, ಇದ್ದರೂ ಹೀಗೇ ಕಾಣುತ್ತದೆ. ಮಿಂಚುವಿನಲ್ಲಿ ಎರಡೂ ಇರಬಹುದು ಎಂಬುದು ನನ್ನ ಅಂದಾಜು.

‘ಹಿಂಸೆ ಕೊಡ್ತಿದ್ದೀವಾ’ ಎಂದು ಕೇಳಿದ್ದೀರಿ. ಹೌದು, ಮಿಂಚು ಹಿಂಸೆ ಪಡುತ್ತಿದೆ. ಆದರೆ ಕೊಡಬೇಕೆಂದು ಯಾರೂ ಕೊಟ್ಟಿಲ್ಲ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರು, ಕೆಲಸದವ ಹೋದ, ನಾಳೆ ನೋಡೋಣ ಎನ್ನುತ್ತ 14 ತಿಂಗಳು ಕಳೆಯಿತು. ನಾನು ನೋಡುವ ಹತ್ತರಲ್ಲಿ ಎಂಟು ಪ್ರಕರಣ ಶುರುವಾಗುವುದು ಹೀಗೆಯೇ. ಕಾನೂನಿನ ಮಾತು ಹೇಳುವುದಾದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಪ್ರಾಣಿ ಅಲುಗಾಡಲು ಸಾಕಷ್ಟು ಜಾಗವಿಲ್ಲದ ಕಡೆ ಕೂಡಿಡುವುದು ಅಪರಾಧ. ಅದೇ ಸೆಕ್ಷನ್ನಿನಲ್ಲಿ, ಸದಾ ಕಟ್ಟಿಹಾಕಿದ ಪ್ರಾಣಿಗೆ ವ್ಯಾಯಾಮ ಮಾಡಿಸದಿರುವುದೂ ಅಪರಾಧ ಎಂದಿದೆ, ಆದರೆ ಅಲ್ಲಿ ಹೆಸರಿಸಿರುವುದು ನಾಯಿಯನ್ನು ಮಾತ್ರ. ಕುದುರೆ ಬಿಟ್ಟುಹೋಗಿರುವುದು ನನಗೆ ಮೊದಲಿನಿಂದಲೂ ನೋವಿನ ವಿಷಯ. ನಡೆಯದಿದ್ದರೆ ದೇಹವೇ ಕೆಡುವ ಸಾಕುಪ್ರಾಣಿ ಯಾವುದಾದರೂ ಇದ್ದರೆ ಅದು ಕುದುರೆ.

ಈಗ ನಿಮ್ಮ ‘ಊಟಕ್ಕೆ ಕೊರತೆ ಮಾಡಿಲ್ಲ’ ಎಂಬ ಮಾತಿಗೆ ಬರುತ್ತೇನೆ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ, ಬಾಗಿಲು ತೆರೆಯುವುದಕ್ಕಿಂತ ಮೊದಲು ಸರಿಮಾಡಬೇಕಾದದ್ದು ಗೋದಲೆಯನ್ನು.

ಹಸುವಿಗೆ ನಾಲ್ಕು ಅರೆಯ ದೊಡ್ಡ ಹೊಟ್ಟೆ. ತುಂಬಿಕೊಂಡು ಮಲಗಿ ಮೆಲುಕು ಹಾಕುತ್ತದೆ. ನಮ್ಮ ರೈತ ಮನೆಗಳಲ್ಲಿ ಕುದುರೆಯನ್ನೂ ಅದೇ ಲೆಕ್ಕದಲ್ಲಿ ಸಾಕುತ್ತಾರೆ, ಹೊತ್ತಿಗೆ ಒಂದು ಕಟ್ಟು. ಕುದುರೆಯ ಜಠರ ಅಷ್ಟು ದೊಡ್ಡ ದೇಹಕ್ಕೆ ತೀರಾ ಚಿಕ್ಕದು, 8ರಿಂದ 15 ಲೀಟರ್ ಅಷ್ಟೇ. ಬಯಲಿಗೆ ಬಿಟ್ಟರೆ ದಿನದಲ್ಲಿ 14-16 ಗಂಟೆ ಸ್ವಲ್ಪ ಸ್ವಲ್ಪವಾಗಿ ಮೇಯುತ್ತಲೇ ಇರುತ್ತದೆ. ಹೀಗೆ ಬದುಕುವ ಪ್ರಾಣಿಯಾದ್ದರಿಂದ ಅದರ ಜಠರದಲ್ಲಿ ಆಮ್ಲ ಊಟದ ಹೊತ್ತಿಗೆ ಮಾತ್ರವಲ್ಲ, 24 ಗಂಟೆಯೂ ಒಸರುತ್ತದೆ. ಆ ಆಮ್ಲವನ್ನು ತಣಿಸುವುದು ಜೊಲ್ಲು. ಜೊಲ್ಲು ಬರುವುದು ಅಗಿದಾಗ ಮಾತ್ರ. ಅಗಿಯುವುದು ನಿಂತು ಕೆಲವು ಗಂಟೆಯಾದರೆ ಖಾಲಿ ಹೊಟ್ಟೆಯಲ್ಲಿ ಆಮ್ಲ ಮೇಲೇರಿ ಜಠರದ ಮೇಲ್ಭಾಗದ ಗೋಡೆಯನ್ನು ಸುಡುತ್ತದೆ. ಆ ಭಾಗಕ್ಕೆ ಲೋಳೆಯ ರಕ್ಷಣೆಯೂ ಇಲ್ಲ.

ಮಿಂಚುವಿನ ತೂಕ ಸುಮಾರು 450 ಕೆಜಿ ಎಂದು ಇಟ್ಟುಕೊಳ್ಳೋಣ. ತೂಕದ ಶೇ 1.5ರಷ್ಟು ಒಣ ಲೆಕ್ಕದ ಮೇವು ದಿನಕ್ಕೆ ಕನಿಷ್ಠ ಬೇಕು, ಅಂದರೆ ಆರೂಮುಕ್ಕಾಲು ಕೆಜಿ. ನೀವು ಹಾಕುವ 15 ಕೆಜಿ ಹಸಿ ನೇಪಿಯರ್‌ನಲ್ಲಿ ಐದರಲ್ಲಿ ನಾಲ್ಕು ಭಾಗ ನೀರು. ಉಳಿಯುವುದು ಸುಮಾರು 3 ಕೆಜಿ. ಅರ್ಧಕ್ಕೂ ಕಡಿಮೆ ಆಯಿತು. ಒಂದೊಂದು ಕಟ್ಟು ಎರಡು ಗಂಟೆಯೊಳಗೆ ಮುಗಿದುಹೋಗುತ್ತದೆ. ರಾತ್ರಿ 8ರಿಂದ ಬೆಳಗ್ಗೆ 7ರವರೆಗೆ 11 ಗಂಟೆ ಅದು ಬರೀ ಗೋಡೆ ನೋಡುತ್ತ ಹಸಿದ ಹೊಟ್ಟೆಯಲ್ಲಿ ನಿಂತಿರುತ್ತದೆ. ಬೆಳಗಾದ ಕೂಡಲೇ ಆ ಖಾಲಿ ಹೊಟ್ಟೆಗೆ ಹುರುಳಿ ಬೀಳುತ್ತದೆ. ಓಟದ ಕುದುರೆಗೂ ಸಾಕಾಗುವಷ್ಟು ಕಾಳು, ಒಂದು ಹೆಜ್ಜೆಯೂ ನಡೆಯದ ಕುದುರೆಗೆ.

ಬೂಸಾ ಮತ್ತು ನೇಪಿಯರ್‌ನ ಜೋಡಿಯ ಬಗ್ಗೆಯೂ ಎಚ್ಚರ ಹೇಳಲೇಬೇಕು. ಬೂಸಾದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ಕಡಿಮೆ. ನೇಪಿಯರ್‌ನಲ್ಲಿರುವ ಆಕ್ಸಲೇಟ್ ಇರುವ ಸುಣ್ಣದಂಶವನ್ನೂ ಹಿಡಿದಿಟ್ಟುಕೊಂಡು ಲದ್ದಿಯಲ್ಲಿ ಕಳಿಸಿಬಿಡುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳು ಆಕ್ಸಲೇಟ್ ಅನ್ನು ಬಹುಮಟ್ಟಿಗೆ ಒಡೆದುಹಾಕುತ್ತವೆ, ಕುದುರೆಗೆ ಆ ಅನುಕೂಲ ಇಲ್ಲ. ತಿಂಗಳುಗಟ್ಟಲೆ ಇದೇ ಮೇವಾದರೆ ದೇಹ ತನ್ನ ಮೂಳೆಯಿಂದಲೇ ಸುಣ್ಣ ತೆಗೆದುಕೊಳ್ಳುತ್ತದೆ. ಮುಖದ ಮೂಳೆ ದಪ್ಪಗೆ ಉಬ್ಬುತ್ತದೆ, ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಕುಂಟುತ್ತದೆ. ನಾಳೆ ಬೆಳಕಿನಲ್ಲಿ ಮಿಂಚುವಿನ ಕಣ್ಣಿನ ಕೆಳಗೆ, ಕೆನ್ನೆಯ ಉದ್ದಕ್ಕೂ ಎರಡೂ ಕಡೆ ಕೈಯಾಡಿಸಿ. ಗಟ್ಟಿಯಾದ ಉಬ್ಬು ಸಿಕ್ಕರೆ ವೈದ್ಯರಿಗೆ ಹೇಳಿ.

ಮರ ಕಚ್ಚುವುದರ ವಿಷಯಕ್ಕೆ ಬರೋಣ. ಮೇಲಿನ ಮುಂದಿನ ಹಲ್ಲನ್ನು ಬಾಗಿಲ ಅಂಚಿಗೆ ಊರಿ, ಕುತ್ತಿಗೆ ಬಿಗಿದು ಹಿಂದಕ್ಕೆ ಜಗ್ಗಿ ‘ಗಕ್’ ಎನ್ನಿಸುವುದು. ಇದನ್ನು ಚಟ, ಕೆಟ್ಟ ಬುದ್ಧಿ ಎಂದು ಕರೆಯುವ ವಾಡಿಕೆ ಬಹಳ ಹಳೆಯದು. ಸುತ್ತಲಿನ ಕುದುರೆಗಳು ನೋಡಿ ಕಲಿಯುತ್ತವೆ ಎಂಬ ನಂಬಿಕೆಯೂ ಇದೆ. ಅದಕ್ಕೆ ಗಟ್ಟಿ ಆಧಾರವಿಲ್ಲ, ಒಂದೇ ಲಾಯದ ಕುದುರೆಗಳಿಗೆ ಒಂದೇ ಥರದ ಕಷ್ಟ ಇರುವುದರಿಂದ ಹಾಗೆ ಕಾಣುತ್ತದೆ. ಬಯಲಿನಲ್ಲಿ ಗುಂಪಾಗಿ ಬದುಕುವ ಕಾಡು ಕುದುರೆಗಳಲ್ಲಿ ಇದು ಕಾಣಿಸುವುದೇ ಇಲ್ಲ. ಕಾಳು ಹೆಚ್ಚು, ನಾರು ಕಡಿಮೆ, ಒಂಟಿತನ, ಓಡಾಟವಿಲ್ಲ ಎಂಬ ನಾಲ್ಕು ಸೇರಿದ ಕಡೆ ಹುಟ್ಟುವ ಅಭ್ಯಾಸ ಇದು. ಕಚ್ಚಿದಾಗ ಅದಕ್ಕೆ ಒಂದು ಬಗೆಯ ಸಮಾಧಾನ ಸಿಗುತ್ತದೆ.

ಆದ್ದರಿಂದ ಬೆಲ್ಟ್ ಬೇಡ. ಗಂಟಲಿಗೆ ಬಿಗಿದ ಬೆಲ್ಟ್ ಕಚ್ಚುವುದನ್ನು ನಿಲ್ಲಿಸಬಹುದು, ಕಚ್ಚಬೇಕೆನಿಸುವ ಸಂಕಟವನ್ನು ನಿಲ್ಲಿಸುವುದಿಲ್ಲ. ಬೆಲ್ಟ್ ಬಿಚ್ಚಿದ ದಿನ ಕುದುರೆ ಎಂದಿಗಿಂತ ಹೆಚ್ಚು ಕಚ್ಚುವುದನ್ನು ನಾನೇ ಕಂಡಿದ್ದೇನೆ. ಅಂಚಿಗೆ ಮೆಣಸಿನ ಪುಡಿ ಬಳಿಯುವುದೂ ಬೇಡ, ಗೋಡೆಯನ್ನೋ ನೀರಿನ ತೊಟ್ಟಿಯನ್ನೋ ಹುಡುಕಿಕೊಳ್ಳುತ್ತದೆ. ಒಂದು ಕಹಿ ಸತ್ಯ ಈಗಲೇ ಹೇಳಿಬಿಡುತ್ತೇನೆ: ಎಲ್ಲ ಸರಿಹೋದ ಮೇಲೂ ಮಿಂಚು ಈ ಅಭ್ಯಾಸವನ್ನು ಪೂರ್ತಿ ಬಿಡದೆ ಇರಬಹುದು. ವರ್ಷಗಟ್ಟಲೆ ಆದದ್ದು ಮೆದುಳಿನಲ್ಲಿ ಕೂತುಬಿಡುತ್ತದೆ. ಕಡಿಮೆಯಾದರೆ ಸಂತೋಷಪಡಿ, ಉಳಿದದ್ದಕ್ಕೆ ಹೊಡೆಯಬೇಡಿ.

ಇನ್ನು ಆ ಮುಂಗಾಲಿನ ಗಾಯ. ಯಾರೂ ಕಂಡಿಲ್ಲ ಎಂದಿದ್ದೀರಿ. ಅದು ಆಗುವುದು ರಾತ್ರಿ, ನಿದ್ದೆಗಣ್ಣಿನಲ್ಲಿ. ಕುದುರೆ ನಿಂತೇ ನಿದ್ದೆ ಮಾಡುತ್ತದೆ, ಅದಕ್ಕೇಕೆ ಮಲಗುವ ಜಾಗ ಎಂದು ಬಹಳ ಜನ ಕೇಳುತ್ತಾರೆ. ಅರ್ಧ ಮಾತ್ರ ನಿಜ. ಮಂಡಿಯ ಕೀಲನ್ನು ಬೀಗ ಹಾಕಿದಂತೆ ನಿಲ್ಲಿಸಿ ಅದು ನಿಂತಲ್ಲೇ ತೂಕಡಿಸಬಲ್ಲದು. ಆದರೆ ಗಾಢ ನಿದ್ದೆಯ ಒಂದು ಹಂತ ಬರುವುದು ಮಲಗಿದಾಗ ಮಾತ್ರ. ದಿನಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಸಾಕು, ಆದರೆ ಅಷ್ಟು ಬೇಕೇ ಬೇಕು. 8 ಅಡಿ ಅಗಲದ ಬರಿ ಸಿಮೆಂಟಿನ ಮೇಲೆ 450 ಕೆಜಿಯ ಕುದುರೆ ಮಲಗಿ ಕಾಲು ಚಾಚಿ ಎದ್ದೇಳುವುದು ಕಷ್ಟ. ಕಾವಲಿಗೆ ಜೊತೆಗಾರನೂ ಇಲ್ಲ. ಗುಂಪಿನಲ್ಲಾದರೆ ಉಳಿದವು ಮಲಗಿದಾಗ ಒಂದು ನಿಂತು ಕಾಯುತ್ತದೆ. ಹೀಗೆ ವಾರಗಟ್ಟಲೆ ಮಲಗದ ಕುದುರೆ ಒಂದು ರಾತ್ರಿ ನಿಂತಲ್ಲೇ ಆ ಹಂತಕ್ಕೆ ಜಾರುತ್ತದೆ. ಮುಂಗಾಲು ಮಡಚಿ ಮುಗ್ಗರಿಸುತ್ತದೆ, ಗೆಣ್ಣಿನ ಮುಂಭಾಗ ಸಿಮೆಂಟಿಗೆ ಉಜ್ಜುತ್ತದೆ, ಬೆಚ್ಚಿ ಮತ್ತೆ ನಿಲ್ಲುತ್ತದೆ. ನೀವು ಬೆಳಗ್ಗೆ ನೋಡುತ್ತಿರುವ ಗಾಯ ಅದೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಹಳೇ ಮೊಬೈಲೊಂದನ್ನು ಎರಡು ರಾತ್ರಿ ವಿಡಿಯೊ ಹಾಕಿ ಲಾಯದ ಮೂಲೆಯಲ್ಲಿಡಿ, ಗೊತ್ತಾಗುತ್ತದೆ. ಗಾಯ ಇರುವುದರಿಂದ ಧನುರ್ವಾಯು ಚುಚ್ಚುಮದ್ದು ಯಾವಾಗ ಆಗಿದೆ ನೋಡಿ. ನೆನಪಿಲ್ಲದಿದ್ದರೆ ಆಗಿಲ್ಲ ಎಂದೇ ತಿಳಿದು ಈ ವಾರವೇ ಹಾಕಿಸಿ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಸುಲಭವಾಗಿ ತುತ್ತಾಗುವುದು ಇನ್ನೊಂದಿಲ್ಲ.

ಹಿಂಗಾಲಿನ ಊತ ಇವುಗಳಲ್ಲಿ ಸುಲಭದ್ದು. ಗೆಣ್ಣಿನಿಂದ ಕೆಳಗೆ ಕುದುರೆಯ ಕಾಲಿನಲ್ಲಿ ಸ್ನಾಯುವೇ ಇಲ್ಲ, ಬರೀ ಮೂಳೆ, ಸ್ನಾಯುರಜ್ಜು ಎಂಬ ಗಟ್ಟಿ ಹುರಿ, ಚರ್ಮ. ಅಲ್ಲಿಗಿಳಿದ ದ್ರವ ಮೇಲೇರಬೇಕಾದರೆ ಹೆಜ್ಜೆ ಇಡಬೇಕು, ಪ್ರತಿ ಹೆಜ್ಜೆಗೂ ಗೊರಸು ಒಂದು ಪಂಪಿನಂತೆ ಒತ್ತುತ್ತದೆ. ನಡೆಯದಿದ್ದರೆ ಊದುತ್ತದೆ. ಎರಡೂ ಕಾಲು ಸಮನಾಗಿ ಊದಿ, ಬಿಸಿಯಿಲ್ಲದೆ, ಒತ್ತಿದರೆ ನೋವಿಲ್ಲದೆ, ಇಪ್ಪತ್ತು ನಿಮಿಷ ನಡೆಸಿದ ಮೇಲೆ ಇಳಿದರೆ ಅದು ನಿಂತಿದ್ದರ ಊತ. ಒಂದೇ ಕಾಲು ಊದಿ, ಬಿಸಿಯಾಗಿ, ಮುಟ್ಟಿದರೆ ಕಾಲೆಳೆದುಕೊಂಡರೆ ಅದು ಸೋಂಕೋ ಸ್ನಾಯುರಜ್ಜಿನ ಪೆಟ್ಟೋ ಆಗಿರುತ್ತದೆ, ಅವತ್ತೇ ವೈದ್ಯರು ನೋಡಬೇಕು. ಆ ನೋವಿನ ಪುಡಿಯನ್ನು ಇಂದೇ ನಿಲ್ಲಿಸಿ. ಕುದುರೆಗೆ ಕೊಡುವ ನೋವಿನ ಔಷಧಗಳೇ ಹೊಟ್ಟೆಯ ಹುಣ್ಣು ಹೆಚ್ಚಿಸುತ್ತವೆ. ಮೇವಿಲ್ಲದೆ ನಿಂತ ಕುದುರೆಗೆ, ವೈದ್ಯರು ಹೇಳದೆ ಕೊಟ್ಟ ಪುಡಿ ಉರಿಯುವ ಬೆಂಕಿಗೆ ತುಪ್ಪ.

‘ರೇಸ್ ಕುದುರೆಗೆ ಲಾಯ ಹೊಸದಾ’ ಎಂಬ ಮಾತಿನಲ್ಲಿ ಸ್ವಲ್ಪ ನಿಜವಿದೆ. ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಓಟದ ಕುದುರೆಗಳು ದಿನದ ಬಹುಪಾಲು ಲಾಯದಲ್ಲೇ ಇರುತ್ತವೆ. ಆದರೆ ನಸುಕಿನಲ್ಲಿ ಟ್ರ್ಯಾಕಿಗೆ ಹೋಗಿ ಬರುತ್ತವೆ, ಸೈಸ್ ಹಿಡಿದು ನಡೆಸುತ್ತಾನೆ, ಮೈ ಉಜ್ಜುತ್ತಾನೆ, ಅಕ್ಕಪಕ್ಕ ಹತ್ತಾರು ಕುದುರೆಗಳು ಮುಖ ಹೊರಗೆ ಹಾಕಿ ನಿಂತಿರುತ್ತವೆ. ಅಷ್ಟಿದ್ದೂ ತರಬೇತಿಯಲ್ಲಿರುವ ಓಟದ ಕುದುರೆಗಳಲ್ಲಿ ಬಹುಪಾಲಿಗೆ ಜಠರದ ಹುಣ್ಣು ಇರುತ್ತದೆಂದು ಎಂಡೋಸ್ಕೋಪಿಯಿಂದ ಹಲವು ದೇಶಗಳಲ್ಲಿ ಗೊತ್ತಾಗಿದೆ. ಲಾಯ ಅದಕ್ಕೆ ಒಗ್ಗಿದೆ ಎನ್ನುವುದಕ್ಕಿಂತ, ಮಿಂಚು ನಿಮ್ಮಲ್ಲಿಗೆ ಬರುವಾಗಲೇ ಹುಣ್ಣಿನ ಹೊಟ್ಟೆ ಹೊತ್ತು ಬಂದಿರಬಹುದು ಎನ್ನುವುದು ಹತ್ತಿರದ ಮಾತು. ಟಿಪ್ಪು ಕಾಲದ ಹಿನ್ನೆಲೆಯ ಕುಣಿಗಲ್ ಸ್ಟಡ್ ಫಾರಂನಂಥ ಕಡೆ ತಾಯಿ, ಮರಿಗಳನ್ನು ಬೇಲಿ ಹಾಕಿದ ವಿಶಾಲ ಬಯಲಲ್ಲಿ ಬಿಟ್ಟು ಬೆಳೆಸುತ್ತ ಬಂದದ್ದು ಸುಮ್ಮನೆ ಅಲ್ಲ. ಓಡಾಡದೆ ಗಟ್ಟಿ ಮೂಳೆ ಬರುವುದಿಲ್ಲ.

ಹೊರಗೆ ಹಿಡಿದಾಗ ಹುಚ್ಚೆದ್ದಂತೆ ಕುಣಿಯುವುದಕ್ಕೂ ಈಗ ಕಾರಣ ಗೊತ್ತಾಗಿರಬೇಕು. 30 ದಿನ ಕೂಡಿಹಾಕಿ, 90 ಕೆಜಿ ಹುರುಳಿ ತಿನ್ನಿಸಿ, ಒಂದು ದಿನ ಬಾಗಿಲು ತೆಗೆದರೆ ಯಾವ ಕುದುರೆಯಾದರೂ ಕುಣಿಯುತ್ತದೆ. ಕುಣಿಯಿತೆಂದು ಮತ್ತೆ ಕೂಡಿಹಾಕುತ್ತೀರಿ. ಇದು ಮಿಂಚುವಿನ ಕೆಟ್ಟ ಗುಣ ಅಲ್ಲ ಎಂದು ನಿಮ್ಮ ಯಜಮಾನರಿಗೆ ಸಮಾಧಾನವಾಗಿ ಹೇಳಿ. ಕೈ ಸುಲಿಸಿಕೊಂಡವರ ಭಯವೂ ನಿಜವಾದದ್ದೇ.

ಹಾಗಾದರೆ ತೋಟಕ್ಕೆ ಬಿಟ್ಟುಬಿಡಲಾ ಎಂದರೆ, ಇವತ್ತು ಬೇಡ, ಖಂಡಿತ ಬೇಡ. 14 ತಿಂಗಳು ನಿಂತ ಕಾಲಿನ ಸ್ನಾಯುರಜ್ಜು, ಮೂಳೆ ಒಮ್ಮೆಗೇ ನಾಗಾಲೋಟ ತಡೆಯುವುದಿಲ್ಲ. ಮಳೆಗೆ ಎದ್ದ ಎಳೆ ಹುಲ್ಲನ್ನು ಹಸಿದ ಕುದುರೆ ಒಂದೇ ದಿನ ಹೊಟ್ಟೆಬಿರಿ ತಿಂದರೆ ಕರುಳಿನಲ್ಲಿ ಹುಳಿತು ಉಬ್ಬರಿಸುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ತಿಂದದ್ದು ಮುಂದಕ್ಕೇ ಹೋಗಬೇಕು. ಗೊರಸಿನ ಒಳಪದರ ಉರಿದು ಕಾಲೂರಲಾಗದ ಸ್ಥಿತಿಯೂ ಬರಬಹುದು. ಇನ್ನು ತೋಟದ ಬೇಲಿಯಲ್ಲಿ ಕಣಗಿಲೆ ಇದೆಯೇ ನೋಡಿ. ನಮ್ಮ ಕಡೆ ದೇವರ ಹೂವಿಗೆಂದು ಬೆಳೆಸಿರುತ್ತೇವೆ. ಅದರ ಒಂದು ಹಿಡಿ ಎಲೆ, ಹಸಿಯಾಗಲಿ ಒಣಗಿದ್ದಾಗಲಿ, ಕುದುರೆಯ ಹೃದಯ ನಿಲ್ಲಿಸಲು ಸಾಕು. ಲಂಟಾನಾ, ಹರಳು ಗಿಡ ಕೂಡ ವಿಷ. ತೆರೆದ ಬಾವಿ, ಡ್ರಿಪ್ ಪೈಪು, ಹಳೇ ಮುಳ್ಳುತಂತಿ ಇವೂ ಇರುತ್ತವೆ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಕುದುರೆ ನೋಡಿ ಅಭ್ಯಾಸವಿರುವ ಪಶುವೈದ್ಯರನ್ನು ಮನೆಗೇ ಕರೆಸಿ. ಹಲ್ಲು, ಗೊರಸು, ಹೃದಯ, ರಕ್ತ ಇಷ್ಟನ್ನೂ ನೋಡಲಿ. ಹುಣ್ಣು ಇದೆ ಎನಿಸಿದರೆ ಒಮೆಪ್ರಜೋಲ್ ಕೊಡುತ್ತಾರೆ. ನಾವು ತಿನ್ನುವ ಕ್ಯಾಪ್ಸೂಲನ್ನು ನೀವೇ ಒಡೆದು ಪುಡಿಮಾಡಿ ಹಾಕಬೇಡಿ, ಮೇಲಿನ ಲೇಪ ಹೋದರೆ ಔಷಧವನ್ನು ಆಮ್ಲವೇ ತಿಂದುಬಿಡುತ್ತದೆ. ಲಾಳ ಕಟ್ಟುವವರನ್ನೂ ಅದೇ ವಾರ ಕರೆಸಿ. ಗೊರಸಿಗೆ ಆರು ವಾರಕ್ಕೊಮ್ಮೆ ಕತ್ತರಿ ಬೇಕು, ನಾಲ್ಕು ತಿಂಗಳು ಬಹಳ ಆಯಿತು. ಗೊರಸಿನಡಿಯ ಮೆತ್ತನೆಯ ಭಾಗ ಕಪ್ಪಾಗಿ ಕೊಳೆತ ವಾಸನೆ ಬರುತ್ತಿದ್ದರೆ ಲಾಯದ ತೇವವೇ ಕಾರಣ.

ವೈದ್ಯರು ಬರುವವರೆಗೆ ಕಾಯದೆ ಇಂದಿನಿಂದಲೇ ಮಾಡಬಹುದಾದ್ದು ಒಣಹುಲ್ಲು. ಗರಿಕೆಯ ಒಣಹುಲ್ಲು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ತೋಟದ ಬದುವಿನ ಗರಿಕೆ ಕೊಯ್ದು ನೀವೇ ಒಣಗಿಸಿಕೊಳ್ಳಬಹುದು. ಭತ್ತದ ಹುಲ್ಲಿನಲ್ಲಿ ಸಾರ ಕಡಿಮೆ, ಅದನ್ನೇ ಪೂರ್ತಿ ಹಾಕಿದರೆ ಕರುಳಿನಲ್ಲಿ ಗಟ್ಟಿಯಾಗಿ ಸಿಕ್ಕಿಕೊಳ್ಳುವ ಅಪಾಯವೂ ಇದೆ. ದಿನಕ್ಕೆ ಏಳೂವರೆ ಕೆಜಿಯವರೆಗೆ ಒಣಹುಲ್ಲು ಬರುವಂತೆ ಎರಡು ವಾರದಲ್ಲಿ ನಿಧಾನಕ್ಕೆ ಏರಿಸಿ, ಅಷ್ಟೇ ನಿಧಾನಕ್ಕೆ ನೇಪಿಯರ್, ಬೂಸಾ, ಹುರುಳಿ ಇಳಿಸಿ. ಕೆಲಸವಿಲ್ಲದ ಕುದುರೆಗೆ ಕಾಳೇ ಬೇಡ. ಹುರುಳಿ ನಿಂತರೆ ಮಾವನವರಿಗೆ ಸಂಕಟವಾಗಬಹುದು, ಕುದುರೆಗೆ ಹುರುಳಿ ಕೊಡುವುದೇ ಪ್ರೀತಿ ಎಂದು ನಾವೆಲ್ಲ ಬೆಳೆದವರು. ಕೈಯಾರೆ ಕೊಡಬೇಕೆನಿಸಿದರೆ ಸಂಜೆ ಒಂದು ಹಿಡಿ ಕುದುರೆಮಸಾಲೆ (ಲೂಸರ್ನ್) ಸೊಪ್ಪು ಕೊಡಲಿ, ಅದರಲ್ಲಿ ಸುಣ್ಣದಂಶವೂ ಇದೆ. ಹುಲ್ಲನ್ನು ಮೂರು ನಾಲ್ಕು ಪಾಲು ಮಾಡಿ, ದೊಡ್ಡ ಪಾಲು ರಾತ್ರಿಗೆ ಇಡಿ. ಸಣ್ಣ ಕಣ್ಣಿನ ಬಲೆಚೀಲದಲ್ಲಿ ತುಂಬಿ ಕಾಲು ಸಿಕ್ಕದಷ್ಟು ಎತ್ತರಕ್ಕೆ ಕಟ್ಟಿದರೆ ಎಳೆದೆಳೆದು ತಿನ್ನುತ್ತ ಹೊತ್ತು ಹೋಗುತ್ತದೆ. ಧೂಳಿದ್ದರೆ ನೀರಿನಲ್ಲಿ ಅದ್ದಿ ಕೊಡಿ. ಒಣಮೇವಿಗೆ ನೀರು ಹೆಚ್ಚು ಬೇಕು, ದಿನಕ್ಕೆ 30-40 ಲೀಟರ್. ಬಕೆಟ್ ಎಣಿಸಿ, ಅಂದಾಜು ಬೇಡ. ಒಂದೆರಡು ಚಮಚ ಅಡುಗೆ ಉಪ್ಪೂ ಸೇರಲಿ.

ಲಾಯದಲ್ಲಿ ನೀವು ಕುಕ್ಕುರುಗಾಲಲ್ಲಿ ಕೂತು ಒಮ್ಮೆ ದೀರ್ಘವಾಗಿ ಉಸಿರೆಳೆದು ನೋಡಿ. ಕಣ್ಣು ಚುರುಗುಟ್ಟಿದರೆ ಅದು ಮೂತ್ರದ ಅಮೋನಿಯ. ತಲೆ ಬಗ್ಗಿಸಿ ತಿನ್ನುವಾಗ ಮಿಂಚು ಎಳೆದುಕೊಳ್ಳುವುದು ಆ ಗಾಳಿಯನ್ನೇ. ನೆಲಕ್ಕೆ ಅರ್ಧ ಅಡಿ ದಪ್ಪ ಗರಗಸದ ಹೊಟ್ಟು ಹಾಸಿ, ಒದ್ದೆಯಾದದ್ದನ್ನು ದಿನಾ ತೆಗೆಯಿರಿ. ಸಾಮಿಲ್ಲಿನಲ್ಲಿ ಸಿಗುತ್ತದೆ, ತೀರಾ ನುಣುಪಾದ ಪುಡಿ ಬೇಡ. ಅಡ್ಡಗೋಡೆ ಒಡೆದು 12 ಅಡಿಗೆ 12 ಅಡಿ ಮಾಡಲು ಆಗುತ್ತದೆಯೇ ಯೋಚಿಸಿ. ಗೋಡೆಗೊಂದು ಕಿಟಕಿಯಾದರೂ ಬೇಕು, ತಲೆ ಹೊರಗೆ ಹಾಕಿ ದಾರಿ ನೋಡುವಂತೆ.

ನಡಿಗೆ ಶುರುಮಾಡುವುದು ಕಾಳು ಇಳಿಸಿ ಒಂದು ವಾರವಾದ ಮೇಲೆ. ಗೇಟು ಮುಚ್ಚಿ, ಹೊಟ್ಟೆಗೆ ಒಣಹುಲ್ಲು ಬಿದ್ದ ಅರ್ಧ ಗಂಟೆಗೆ, ಬೆಳಗ್ಗೆ ಹತ್ತು, ಸಂಜೆ ಹತ್ತು ನಿಮಿಷ. ಎರಡು ಮೂರು ದಿನಕ್ಕೊಮ್ಮೆ ಐದೈದು ನಿಮಿಷ ಹೆಚ್ಚಿಸಿ ಅರ್ಧ ಗಂಟೆಗೆ ತನ್ನಿ. ಹಿಡಿಯುವವರು ಹೆಲ್ಮೆಟ್, ಗ್ಲೌಸ್, ಬೂಟು ಹಾಕಲೇಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಮಡಚಿ ಹಿಡಿಯಬೇಕು. ಎದುರಿಗೆ ನಿಲ್ಲಬೇಡಿ, ಹೆಗಲ ಪಕ್ಕ ನಡೆಯಿರಿ. ಮೊದಲ ಕೆಲವು ದಿನ ಅನುಭವಸ್ಥ ಸೈಸ್ ಒಬ್ಬನನ್ನು ದಿನಗೂಲಿಗಾದರೂ ಕರೆಸಿಕೊಳ್ಳಿ, ಈ ಖರ್ಚಿನಲ್ಲಿ ಹಿಡಿತ ಮಾಡಬೇಡಿ. ಉದ್ದ ಹಗ್ಗ ಕಟ್ಟಿ ಮೇಯಲು ಬಿಡುವುದನ್ನು ಕೆಲವರು ಹೇಳುತ್ತಾರೆ. ಪಳಗಿದ ತಟ್ಟುವಿಗೆ ಸರಿ, ಮಿಂಚುವಿಗೆ ಅಲ್ಲ. ಬೆದರಿ ಓಡಿದರೆ ಹಗ್ಗ ಹಿಂಗಾಲಿಗೆ ಸುತ್ತಿಕೊಂಡು ಮೂಳೆಯವರೆಗೆ ಕೊಯ್ಯುತ್ತದೆ.

ಇಷ್ಟರ ನಡುವೆ ಲಾಯದ ಬಾಗಿಲಿಗೇ ಅಂಟಿಕೊಂಡಂತೆ 30 ಅಡಿಗೆ 40 ಅಡಿಯ ಒಂದು ಅಂಗಳ ಬೇಲಿ ಹಾಕಿಸಿ, ಹುಲ್ಲಿಲ್ಲದ ಮಣ್ಣು ಅಥವಾ ಮರಳಿನ ನೆಲವಾಗಿರಲಿ. ಬಾಗಿಲು ಹಗಲೆಲ್ಲ ತೆರೆದೇ ಇರಲಿ. ಒಳಗಿರಬೇಕೋ ಹೊರಗಿರಬೇಕೋ ಅದೇ ನಿರ್ಧರಿಸಲಿ. ನಿಮಗಿರುವ ದಾರಿಗಳಲ್ಲಿ ಅಪಾಯ ಕಡಿಮೆ, ಫಲ ಹೆಚ್ಚು ಇದರಲ್ಲೇ. ಕಾಲು ಗಟ್ಟಿಯಾದ ಮೇಲೆ, ಒಂದೆರಡು ತಿಂಗಳಿಗೆ, ತೋಟದಲ್ಲೇ 10 ಗುಂಟೆ ಬೇರ್ಪಡಿಸಿ ಬಿಡಬಹುದು, ಮೊದಲ ದಿನ ಅರ್ಧ ಗಂಟೆ ಮಾತ್ರ. ಬೇಲಿ ಐದಡಿ ಎತ್ತರದ ಸರ್ವೆ ಮರದ ಅಡ್ಡಪಟ್ಟಿಯದ್ದಾಗಲಿ, ಅಗಲದ ಬಿಳಿ ಪಟ್ಟಿಯ ಸೋಲಾರ್ ಬೇಲಿಯಾಗಲಿ. ಮುಳ್ಳುತಂತಿ ಮಾತ್ರ ಯಾವ ಕಾರಣಕ್ಕೂ ಬೇಡ. ಮುಳ್ಳುತಂತಿಗೆ ಸಿಕ್ಕ ಕುದುರೆಯ ಕಾಲು ಹೊಲಿಯುತ್ತ ರಾತ್ರಿ ಎರಡರವರೆಗೆ ಟಾರ್ಚ್ ಬೆಳಕಿನಲ್ಲಿ ಕೂತಿದ್ದೇನೆ. ಮುಚ್ಚಲು ಅಲ್ಲಿ ಚರ್ಮವೇ ಉಳಿದಿರುವುದಿಲ್ಲ.

ಜೊತೆಗಾರ ಬೇಕು. ಇನ್ನೊಂದು ಕುದುರೆ ತರಲು ಆಗದಿದ್ದರೆ ಒಂದು ಮೇಕೆ, ಇಲ್ಲ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಮ್ಮ ಹಸುಗಳಾದರೂ ಇರಲಿ. ಕುದುರೆಗೆ ಕುದುರೆಯೇ ಸರಿಯಾದ ಜೊತೆ, ಉಳಿದವು ಒಂಟಿತನಕ್ಕಿಂತ ವಾಸಿ. ಕತ್ತೆ ತಂದರೆ ಶ್ವಾಸಕೋಶದ ಹುಳುವಿಗೆ ಮೊದಲು ಔಷಧ ಹಾಕಿಸಿ, ಅದು ತಾನು ಚೆನ್ನಾಗಿದ್ದೇ ಕುದುರೆಗೆ ಅಂಟಿಸುತ್ತದೆ. ಕುದುರೆಯನ್ನೇ ತರುವುದಾದರೆ ಗ್ಲ್ಯಾಂಡರ್ಸ್ ಮತ್ತು ಸರ್ರಾ ರೋಗಕ್ಕೆ ರಕ್ತಪರೀಕ್ಷೆ ಆಗದೆ ತೋಟದೊಳಗೆ ಬಿಡಬೇಡಿ. ಗ್ಲ್ಯಾಂಡರ್ಸ್ ಮನುಷ್ಯರಿಗೂ ಬರುತ್ತದೆ. ಮೊದಲ ಹತ್ತು ದಿನ ಬೇಲಿಯ ಆಚೆ ಈಚೆ ಇಟ್ಟು ಪರಿಚಯವಾಗಲಿ.

ಕೊಟ್ಟುಬಿಡುವ ವಿಷಯ. ಅದರಲ್ಲಿ ತಪ್ಪಿಲ್ಲ, ನೋಡಿಕೊಳ್ಳಲು ಆಗದ ಮನೆಯಲ್ಲಿ ಉಳಿಸಿಕೊಳ್ಳುವುದಕ್ಕಿಂತ ಆಗುವ ಮನೆಗೆ ಕೊಡುವುದು ಒಳ್ಳೆಯದು. ಆದರೆ ಬೇಗ ಮುಗಿಸಬೇಕೆಂದು ದಲ್ಲಾಳಿಯ ಕೈಗೆ ಕೊಟ್ಟರೆ ಮಿಂಚು ಎಲ್ಲಿ ನಿಲ್ಲುತ್ತದೋ ಹೇಳಲಾಗದು. ಮದುವೆ ಮೆರವಣಿಗೆಯ ಪಟಾಕಿ ನಡುವೆಯೋ, ಬಿಸಿಲಲ್ಲಿ ಮಕ್ಕಳನ್ನು ಕೂರಿಸಿ ಸುತ್ತುವ ಕಡೆಯೋ, ಅದಕ್ಕಿಂತ ಕೆಟ್ಟ ಕಡೆಯೋ. ಸವಾರಿ ಶಾಲೆಗೋ ಬಯಲಿರುವ ಸಾಕುವವರಿಗೋ ಕೊಡುವುದಾದರೆ ನೀವೇ ಹೋಗಿ ಅವರ ಉಳಿದ ಕುದುರೆಗಳ ಪಕ್ಕೆ, ಗೊರಸು, ಗೋದಲೆ ನೋಡಿ ಬನ್ನಿ. ಆಗದಿದ್ದರೆ ವಾಪಸ್ ನಿಮಗೇ ಕೊಡಬೇಕೆಂದು ಬರೆಸಿಕೊಳ್ಳಿ. ಹುಣ್ಣು, ಮರ ಕಚ್ಚುವ ಅಭ್ಯಾಸ ಮುಚ್ಚಿಡಬೇಡಿ, ಮುಚ್ಚಿಟ್ಟರೆ ಅಲ್ಲಿಯೂ ಅದಕ್ಕೆ ಬೆಲ್ಟೇ ಬೀಳುತ್ತದೆ. ಹೇಗಿದ್ದರೂ ಈಗಿನ ಸ್ಥಿತಿಯಲ್ಲಿ ಲಾರಿ ಹತ್ತಿಸಬೇಡಿ. ಮೂರು ತಿಂಗಳು ಚೇತರಿಸಿಕೊಳ್ಳಲಿ, ಆಮೇಲೆ ಮನೆಯವರೆಲ್ಲ ಕೂತು ಮಾತಾಡಿ.

ಮೇವು ಬದಲಾಗುವ ಈ ಎರಡು ವಾರ ಹೊಟ್ಟೆನೋವಿನ ಮೇಲೆ ಕಣ್ಣಿರಲಿ. ಹಿಂದೆ ಒಬ್ಬ ಹಳೇ ಟಾಂಗಾದವರು, ಸ್ಟೆತಸ್ಕೋಪ್ ಇಲ್ಲದೆ ಕುದುರೆಯ ಪಕ್ಕೆಗೆ ಬರಿಗಿವಿ ಒತ್ತಿ ‘ಗುಡುಗು ಕೇಳ್ತಿದೆ, ಭಯ ಇಲ್ಲ’ ಎನ್ನುತ್ತಿದ್ದುದನ್ನು ಕಂಡಿದ್ದೇನೆ. ನೀವೂ ದಿನಾ ಎರಡೂ ಪಕ್ಕೆಗೆ ಕಿವಿ ಇಟ್ಟು ಕೇಳಿ, ಸದ್ದಿರಬೇಕು. ದಿನಕ್ಕೆ ಎಂಟು ಹತ್ತು ಸಲ ಲದ್ದಿ ಹಾಕಬೇಕು. ಮೇವು ಬಿಟ್ಟು, ಮತ್ತೆ ಮತ್ತೆ ತಿರುಗಿ ಪಕ್ಕೆ ನೋಡಿಕೊಳ್ಳುತ್ತ, ಮುಂಗಾಲಲ್ಲಿ ನೆಲ ಕೆರೆಯುತ್ತ, ಬೆವರಿ ಹೊರಳಾಡಿದರೆ ಒಂದು ಗಂಟೆಯೂ ಕಾಯಬೇಡಿ. ಮೇವು ತೆಗೆದು, ವೈದ್ಯರಿಗೆ ಫೋನ್ ಮಾಡಿ. ದವಡೆಯ ಕೆಳಗಿನ ನಾಡಿ ನಿಮಿಷಕ್ಕೆ 28-44 ಇರಬೇಕು. 60 ದಾಟಿದ್ದರೆ ಫೋನಿನಲ್ಲಿ ಮೊದಲು ಅದನ್ನೇ ಹೇಳಿ.

ಮೂರು ವಾರ ಬಿಟ್ಟು ನನಗೆ ಮತ್ತೆ ಬರೆಯಿರಿ. ಬೆಳಗ್ಗೆ ನಡೆಸುವ ಮುಂಚೆ ಹಿಂಗಾಲಿನ ಫೋಟೊ, ನಡೆಸಿದ ಮೇಲಿನದು, ಎರಡೂ ಇರಲಿ. ರಾತ್ರಿ ಹಾಕಿದ ಹುಲ್ಲು ಬೆಳಗ್ಗೆ ಒಂದಷ್ಟು ಉಳಿದಿತ್ತೋ ಇಲ್ಲವೋ ತಿಳಿಸಿ. ಬಕೆಟ್ ಸದ್ದಿಗೆ ಕಿವಿ ತಿರುಗಿಸಿತೇ, ಗಮನಿಸಿ. ಇನ್ನೊಂದು, ನಸುಕಿನಲ್ಲಿ ಎಲ್ಲರಿಗಿಂತ ಮೊದಲು ನೀವೇ ಲಾಯಕ್ಕೆ ಹೋಗಿ ಮಿಂಚುವಿನ ಪಕ್ಕೆ, ಕೆನ್ನೆ ನೋಡಿ. ಗರಗಸದ ಹೊಟ್ಟು ಅಂಟಿಕೊಂಡಿದ್ದರೆ ಒರೆಸುವ ಮುಂಚೆ ಅದರದ್ದೂ ಒಂದು ಫೋಟೊ ತೆಗೆದು ಕಳಿಸಿ. ಆ ರಾತ್ರಿ ಅದು ಮಲಗಿದೆ.